ಮೊದಲು ಯಾರು, ಹೊಣೆ ಯಾರದು: ಎನ್‌ಕ್ಲೆಕ್ಸ್ ಪರೀಕ್ಷೆ ಮತ್ತು ನಮ್ಮ ನರ್ಸಿಂಗ್ ಪಾಠ



ದತ್ತಿ ಉಪನ್ಯಾಸದ ವೇದಿಕೆಯಿಂದ ಒಂದು ಪರೀಕ್ಷೆಯ ತಯಾರಿಯ ಬಗ್ಗೆ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಅದೂ ಹೊರದೇಶದ ಪರೀಕ್ಷೆಯ ಬಗ್ಗೆ. ಆದರೆ ಎನ್‌ಕ್ಲೆಕ್ಸ್ ಎಂಬ ಹೆಸರು ಕಿವಿಗೆ ಬೀಳದ ನರ್ಸಿಂಗ್ ಕಾಲೇಜು ಇವತ್ತು ಬೆಂಗಳೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಇರಲಾರದು. ಅಮೆರಿಕದ ಯಾವ ರಾಜ್ಯದಲ್ಲಿ ರಿಜಿಸ್ಟರ್ಡ್ ನರ್ಸ್ ಆಗಬೇಕಾದರೂ ಇದನ್ನು ಪಾಸು ಮಾಡಲೇಬೇಕು. ಕೆನಡಾದ ಬಹುತೇಕ ಪ್ರಾಂತ್ಯಗಳು 2015ರಿಂದ ಇದನ್ನೇ ಒಪ್ಪಿಕೊಂಡಿವೆ. ಬೇರೆ ದೇಶಗಳಲ್ಲಿ ಓದಿಬಂದ ಅನೇಕ ನರ್ಸ್‌ಗಳಿಗೆ ಆಸ್ಟ್ರೇಲಿಯಾ ಕೂಡ ಇದನ್ನೇ ಇಟ್ಟಿದೆ. ಬರೆಯಲು ಅಲ್ಲಿಯವರೆಗೆ ಹೋಗಬೇಕಿಲ್ಲ, ಬೆಂಗಳೂರಿನಲ್ಲೇ ಕೇಂದ್ರವಿದೆ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದಾಗಿರುವಾಗ, ಇಲ್ಲಿಂದ ಹೊರಡುವ ಮಕ್ಕಳು ಆ ಪರೀಕ್ಷೆಯ ಪರದೆಯ ಮುಂದೆ ಏನನ್ನು ಹೊತ್ತು ಕೂರುತ್ತಾರೆ ಎಂಬುದು ನಮ್ಮ ವಿಚಾರವೂ ಹೌದು. ಇಡೀ ಪರೀಕ್ಷೆಯನ್ನು ನಾನು ಮುಟ್ಟುವುದಿಲ್ಲ. ಆರೈಕೆಯ ನಿರ್ವಹಣೆ ಎಂಬ ಒಂದು ಭಾಗ ಅದರಲ್ಲಿದೆ. ನಾಯಕತ್ವ, ಆದ್ಯತೆ, ಕೆಲಸ ಹಂಚಿಕೆ, ಒಪ್ಪಿಗೆಪತ್ರ, ಗೋಪ್ಯತೆ ಎಲ್ಲ ಅದರೊಳಗೇ ಬರುತ್ತವೆ. ಆ ಭಾಗಕ್ಕೆ ನಮ್ಮಲ್ಲಿ ನಡೆಯುತ್ತಿರುವ ತಯಾರಿಯ ದಿಕ್ಕು ತಪ್ಪಿದೆ ಎಂಬುದು ನನ್ನ ವಾದ.

ಮೊದಲು ಪರೀಕ್ಷೆಯ ಸ್ವರೂಪ. ಇದನ್ನು ನಡೆಸುವುದು ಅಮೆರಿಕದ ರಾಜ್ಯ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ. ಅದು ಹುಟ್ಟಿದ್ದು 1978ರಲ್ಲಿ. 2023ರ ಪರೀಕ್ಷಾ ಯೋಜನೆಯಲ್ಲಿ ರಿಜಿಸ್ಟರ್ಡ್ ನರ್ಸ್ ಪರೀಕ್ಷೆಯನ್ನು ಎಂಟು ಭಾಗ ಮಾಡಿದ್ದಾರೆ. ಔಷಧಿಗಳ ಭಾಗವೇ ದೊಡ್ಡದಿರಬೇಕು ಎಂದು ನಮ್ಮ ವಿದ್ಯಾರ್ಥಿಗಳು ಎಣಿಸುತ್ತಾರೆ, ರಾತ್ರಿಯೆಲ್ಲ ಡೋಸ್ ಲೆಕ್ಕ ಹಾಕುತ್ತಾರೆ. ಅದಕ್ಕೆ ಇರುವುದು ಶೇ. 13ರಿಂದ 19. ಎಂಟರಲ್ಲಿ ಅತಿ ದೊಡ್ಡ ಪಾಲು ಆರೈಕೆಯ ನಿರ್ವಹಣೆಯದು: ಶೇ. 15ರಿಂದ 21. ಅತಿ ಕಡಿಮೆಯೆಂದರೆ 85 ಪ್ರಶ್ನೆ, ಹೆಚ್ಚೆಂದರೆ 150, ಸಮಯ ಐದು ಗಂಟೆ. ಅವುಗಳಲ್ಲಿ 15 ಪ್ರಶ್ನೆಗಳು ಮುಂದಿನ ಪರೀಕ್ಷೆಗಳಿಗಾಗಿ ಒರೆಗೆ ಹಚ್ಚುವಂಥವು, ಅಂಕಕ್ಕೆ ಸೇರುವುದಿಲ್ಲ. ಲೆಕ್ಕ ಹಾಕಿದರೆ, 85ಕ್ಕೇ ಮುಗಿಯುವ ಪರೀಕ್ಷೆಯಲ್ಲೂ ಅಂಕಕ್ಕೆ ಸೇರುವ ಹತ್ತರಿಂದ ಹದಿನೈದು ಪ್ರಶ್ನೆಗಳು ಈ ಒಂದೇ ಭಾಗದವು. ನಮ್ಮ ಬಿ.ಎಸ್‌ಸಿ. ನರ್ಸಿಂಗ್‌ನ 2021ರ ಹೊಸ ಪಠ್ಯಕ್ರಮದಲ್ಲಿ ನಿರ್ವಹಣೆ ಮತ್ತು ನಾಯಕತ್ವ ಎಂಬ ವಿಷಯ ಇಲ್ಲವೆಂದಲ್ಲ, ಆರನೆಯ ಸೆಮಿಸ್ಟರಿನಲ್ಲಿ ಇದೆ. ಆದರೆ ಅದನ್ನು ಓದಿಸುವ ರೀತಿ ನಮಗೆಲ್ಲ ಗೊತ್ತಿರುವುದೇ. ನಿರ್ವಹಣೆಯ ವ್ಯಾಖ್ಯೆಗಳು, ನಾಯಕತ್ವದ ಶೈಲಿಗಳು, ಡ್ಯೂಟಿ ಪಟ್ಟಿಯ ಮಾದರಿ, ಸ್ಟಾಕ್ ರಿಜಿಸ್ಟರು. ಉತ್ತರಪತ್ರಿಕೆಯಲ್ಲಿ ಹತ್ತು ಅಂಕಕ್ಕೆ ಎರಡು ಪುಟ ತುಂಬಿಸುವ ವಿಷಯ.

ಎನ್‌ಕ್ಲೆಕ್ಸ್ ವ್ಯಾಖ್ಯೆ ಕೇಳುವುದಿಲ್ಲ. ಇದಕ್ಕೆ ಪರೀಕ್ಷೆಯ ಯಂತ್ರವೇ ಕಾರಣ, ಹಾಗಾಗಿ ಆ ಯಂತ್ರವನ್ನು ಸ್ವಲ್ಪ ಬಿಡಿಸಿ ನೋಡಬೇಕು. 1994ರಿಂದ ಇದು ಕಂಪ್ಯೂಟರಿನಲ್ಲಿ, ಅಭ್ಯರ್ಥಿಯ ಉತ್ತರಕ್ಕೆ ತಕ್ಕಂತೆ ಬದಲಾಗುತ್ತ ನಡೆಯುವ ಪರೀಕ್ಷೆ. ಸರಿ ಉತ್ತರ ಕೊಟ್ಟರೆ ಮುಂದಿನದು ಕಷ್ಟದ್ದು, ತಪ್ಪಿದರೆ ಸ್ವಲ್ಪ ಸುಲಭದ್ದು. ಹಿಂದಿನ ಪ್ರಶ್ನೆಗೆ ಮರಳಿ ಹೋಗುವಂತಿಲ್ಲ. ಈ ಅಭ್ಯರ್ಥಿ ಪಾಸಿನ ಗೆರೆಯ ಮೇಲಿದ್ದಾನೆ ಅಥವಾ ಕೆಳಗಿದ್ದಾನೆ ಎಂದು ಶೇ. 95ರ ಖಾತರಿ ಬಂದ ಕೂಡಲೇ ಕಂಪ್ಯೂಟರ್ ನಿಲ್ಲಿಸುತ್ತದೆ. ಇದರ ಫಲವೇನೆಂದರೆ, ಯಂತ್ರವು ಪ್ರತಿಯೊಬ್ಬರನ್ನೂ ಅವರವರ ಸಾಮರ್ಥ್ಯದ ಅಂಚಿಗೆ, ಸರಿ ತಪ್ಪು ಹೆಚ್ಚುಕಡಿಮೆ ಸಮಸಮವಾಗುವ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಚೆನ್ನಾಗಿ ಓದಿದವರೂ ಕೈಸೋತು ಹೊರಬರುವುದು ಇದರಿಂದಲೇ. ಬಾಯಿಪಾಠದಿಂದ ಉತ್ತರಿಸಬಹುದಾದ ಪ್ರಶ್ನೆ ಸಾಮಾನ್ಯವಾಗಿ ಗೆರೆಯ ಕೆಳಗೇ ಉಳಿಯುತ್ತದೆ. ಗೆರೆ ದಾಟಿಸುವ ಪ್ರಶ್ನೆಗಳು ಎರಡು ಒಳ್ಳೆಯ ಉತ್ತರಗಳ ನಡುವೆ ಒಂದನ್ನು ಆರಿಸು ಎನ್ನುವಂಥವು. 2023ರ ಏಪ್ರಿಲ್ 1ರಿಂದ ಬಂದ ಹೊಸ ಮಾದರಿ ಇದನ್ನು ಇನ್ನಷ್ಟು ಬಿಗಿ ಮಾಡಿತು. ಈಗ ಒಬ್ಬ ರೋಗಿಯ ಕೇಸ್ ಶೀಟನ್ನೇ ಪರದೆಯ ಮೇಲೆ ತೆರೆದಿಟ್ಟು ಅದರ ಮೇಲೆ ಆರು ಪ್ರಶ್ನೆ ಕೇಳುತ್ತಾರೆ. ಸುಳಿವು ಯಾವುದು, ಅದರ ಅರ್ಥವೇನು, ಯಾವ ಅಪಾಯ ಹೆಚ್ಚು ಸಂಭವ, ಏನೇನು ಮಾಡಬಹುದು, ಈಗ ಏನು ಮಾಡುತ್ತೀರಿ, ಮಾಡಿದ್ದು ಫಲಿಸಿತೇ. ಅಂಕಕ್ಕೆ ಸೇರುವ ಇಂಥ ಕೇಸುಗಳು ಪ್ರತಿ ಅಭ್ಯರ್ಥಿಗೂ ಮೂರು.

ಇಂಥ ಪರೀಕ್ಷೆಗೆ ನಮ್ಮಲ್ಲಿ ಆಗುತ್ತಿರುವ ತಯಾರಿ ಬಹುಪಾಲು ಸೂತ್ರಗಳದ್ದು. ಶ್ವಾಸನಾಳ, ಉಸಿರಾಟ, ರಕ್ತಸಂಚಾರ, ಈ ಕ್ರಮದಲ್ಲಿ ನೋಡು. ಸ್ಥಿರವಾಗಿರುವವನಿಗಿಂತ ಅಸ್ಥಿರನಾದವನು ಮೊದಲು. ಹಳೆಯ ಕಾಯಿಲೆಗಿಂತ ಈಗ ಬಂದದ್ದು ಮೊದಲು. ರೋಗಿಯ ಪರಿಶೀಲನೆಯನ್ನು ಎಂದೂ ಬೇರೆಯವರಿಗೆ ಬಿಡಬೇಡ. ಡಾಕ್ಟರಿಗೆ ಫೋನ್ ಮಾಡುವ ಆಯ್ಕೆಯನ್ನು ಕೊನೆಗೆ ನೋಡು. ಇವು ಸುಳ್ಳಲ್ಲ, ಅನುಭವಿ ನರ್ಸ್‌ಗಳ ವಿವೇಕವನ್ನು ಬಟ್ಟಿ ಇಳಿಸಿದರೆ ಸಿಗುವುದು ಇಂಥವೇ. ತಪ್ಪಾಗುವುದು ಇವನ್ನು ಉತ್ತರವೆಂದು ಹಿಡಿದಾಗ. ನಿರ್ವಹಣೆಯ ಪ್ರತಿ ಪ್ರಶ್ನೆಯ ತಳದಲ್ಲೂ ಎರಡೇ ವಿಚಾರಗಳಿವೆ ಎಂದು ನನ್ನ ತಿಳಿವಳಿಕೆ. ಕಾಯಿಸಿದರೆ ಯಾರಿಗೆ ಏನು ಕೈತಪ್ಪುತ್ತದೆ? ಮತ್ತು, ಈ ಕೆಲಸದ ಯಾವ ಭಾಗದ ಹೊಣೆಯನ್ನು ಕೈಬದಲಾಯಿಸಲು ಬರುವುದಿಲ್ಲ? ಸೂತ್ರಗಳು ಈ ಎರಡು ವಿಚಾರಗಳಿಂದ ಹುಟ್ಟಿದವು. ಬೇರು ಗೊತ್ತಿಲ್ಲದೆ ಸೂತ್ರವನ್ನಷ್ಟೇ ಹಿಡಿದವರು ಎಲ್ಲಿ ಜಾರುತ್ತಾರೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಬೆಳಗಿನ ಶಿಫ್ಟ್. ಹ್ಯಾಂಡೋವರ್ ಮುಗಿದಿದೆ, ನಾಲ್ವರು ರೋಗಿಗಳು ನಿಮ್ಮ ಪಾಲಿಗೆ ಬಂದಿದ್ದಾರೆ. ಒಬ್ಬರಿಗೆ ಎರಡು ದಿನದ ಹಿಂದೆ ಸೊಂಟದ ಕೀಲು ಬದಲಿಸಿದ್ದಾರೆ, ನೋವು ಹತ್ತಕ್ಕೆ ಏಳು ಎನ್ನುತ್ತಿದ್ದಾರೆ. ಇನ್ನೊಬ್ಬರು ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯ ರೋಗಿ, ಎರಡು ಲೀಟರ್ ಆಮ್ಲಜನಕದಲ್ಲಿ ಸ್ಯಾಚುರೇಶನ್ 90. ಮೂರನೆಯವರಿಗೆ ನಿನ್ನೆ ಥೈರಾಯ್ಡ್ ಗ್ರಂಥಿ ತೆಗೆದಿದ್ದಾರೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಎನ್ನುತ್ತಿದ್ದಾರೆ. ನಾಲ್ಕನೆಯವರು ಮಧುಮೇಹಿ, ಸಕ್ಕರೆ 210, ಇವತ್ತು ಡಿಸ್ಚಾರ್ಜ್. ಮೊದಲು ಯಾರನ್ನು ನೋಡುತ್ತೀರಿ? ಸೂತ್ರವನ್ನು ಕಣ್ಣುಮುಚ್ಚಿ ಹಿಡಿದವರು 90 ಎಂಬ ಅಂಕಿ ಕಂಡ ಕೂಡಲೇ ಉಸಿರಾಟವೆಂದು ಸಿಒಪಿಡಿ ರೋಗಿಯತ್ತ ಓಡುತ್ತಾರೆ. ಆ ಕಾಯಿಲೆಯಲ್ಲಿ 88ರಿಂದ 92 ಎಂಬುದೇ ಇರಬೇಕಾದ ಮಟ್ಟ. ಅವರು ತಮ್ಮ ಮಾಮೂಲಿನಲ್ಲೇ ಇದ್ದಾರೆ. ನೋವಿಗೆ ಏಳು ಅಂಕ ಕೊಟ್ಟವರ ಸಂಕಟ ನಿಜ, ಆದರೆ ಹತ್ತು ನಿಮಿಷ ತಡವಾದರೆ ಅವರ ಪ್ರಾಣಕ್ಕೆ ಏನೂ ಆಗದು. ಜುಮುಜುಮು ಎಂಬ ದೂರು ಕೇಳಲು ಸಣ್ಣದು. ಅದರ ಹಿಂದಿರುವುದು ದೊಡ್ಡದು: ಥೈರಾಯ್ಡ್ ತೆಗೆಯುವಾಗ ಅದಕ್ಕೆ ಅಂಟಿಕೊಂಡಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟು ಬಿದ್ದು, ರಕ್ತದ ಕ್ಯಾಲ್ಸಿಯಂ ಇಳಿದು, ಧ್ವನಿಪೆಟ್ಟಿಗೆ ಸೆಟೆದುಕೊಂಡು ಉಸಿರಿನ ದಾರಿಯೇ ಮುಚ್ಚಬಹುದು. ಶ್ವಾಸನಾಳ ಮೊದಲು ಎಂಬ ಸೂತ್ರವೇ ಕೊನೆಗೆ ಗೆದ್ದಿತು, ನಿಜ. ಆದರೆ ಅದು ಕೈಹಿಡಿದದ್ದು ಶರೀರದ ಒಳಗೆ ಏನು ನಡೆಯುತ್ತಿದೆಯೆಂದು ತಿಳಿದವರ ಕೈಯನ್ನು. ಅಂಕಿ ನೋಡಿ ಓಡಿದವರನ್ನು ಅದೇ ಸೂತ್ರ ಬೇರೆ ಮಂಚಕ್ಕೆ ಕರೆದೊಯ್ದಿತು.

ಇಲ್ಲಿ ಇನ್ನೊಂದು ವಿಚಾರ ಕಾಣುತ್ತದೆ. ನಿರ್ವಹಣೆ ಎಂಬ ಭಾಗವನ್ನು ರೋಗವಿಜ್ಞಾನದಿಂದ ಬೇರ್ಪಡಿಸಿ ಓದಲಾಗದು. ನಮ್ಮ ವಿದ್ಯಾರ್ಥಿಗಳು ಮೆಡಿಕಲ್, ಸರ್ಜಿಕಲ್ ಎಲ್ಲ ಮುಗಿಸಿ, ಕೊನೆಯ ಎರಡು ವಾರಕ್ಕೆ ನಾಯಕತ್ವವನ್ನು ಇಟ್ಟುಕೊಳ್ಳುತ್ತಾರೆ. ಸುಲಭದ ಭಾಗ, ಸಾಮಾನ್ಯಜ್ಞಾನ ಸಾಕು ಎಂಬ ನಂಬಿಕೆ. ಮೇಲಿನ ನಾಲ್ವರಲ್ಲಿ ಮೊದಲಿಗರನ್ನು ಆರಿಸಲು ಬೇಕಾದದ್ದು ಪ್ಯಾರಾಥೈರಾಯ್ಡಿನ ಪಾಠ.

ಈಗ ಕೆಲಸ ಹಂಚಿಕೆಗೆ ಬರೋಣ. ನಮ್ಮ ಅಭ್ಯರ್ಥಿಗಳು ಹೆಚ್ಚು ಎಡವುವ ಜಾಗ ಇದೇ ಎಂದು ನನಗೆ ತೋರುತ್ತದೆ, ಅದಕ್ಕೆ ಕಾರಣವೂ ಇದೆ. ಅಮೆರಿಕದ ವಾರ್ಡಿನಲ್ಲಿ ಮೂರು ಮೆಟ್ಟಿಲು: ರಿಜಿಸ್ಟರ್ಡ್ ನರ್ಸ್, ಅವರ ಕೆಳಗೆ ಲೈಸೆನ್ಸ್ ಇರುವ ಪ್ರಾಕ್ಟಿಕಲ್ ನರ್ಸ್, ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್‌ನಲ್ಲಿ ಇವರಿಗೇ ವೊಕೇಶನಲ್ ನರ್ಸ್ ಎನ್ನುತ್ತಾರೆ, ಅವರಿಗೂ ಕೆಳಗೆ ಲೈಸೆನ್ಸ್ ಇಲ್ಲದ ಸಹಾಯಕರು. ನಮ್ಮ ವಾರ್ಡಿನಲ್ಲಿ ಆಯಾ ಇದ್ದಾರೆ, ವಾರ್ಡ್ ಬಾಯ್ ಇದ್ದಾರೆ, ಎಲ್ಲಕ್ಕಿಂತ ಮುಖ್ಯವಾಗಿ ಮಂಚದ ಪಕ್ಕ ಚಾಪೆ ಹಾಸಿಕೊಂಡ ಮನೆಯವರಿದ್ದಾರೆ. ಯಾರು ಏನು ಮಾಡಬೇಕು ಎಂಬುದನ್ನು ಇಲ್ಲಿ ಕಾಗದಕ್ಕಿಂತ ರೂಢಿ ನಿರ್ಧರಿಸುತ್ತದೆ. ಅಲ್ಲಿ ಇದಕ್ಕೆ ಚೌಕಟ್ಟಿದೆ. ಸರಿಯಾದ ಕೆಲಸ, ಸರಿಯಾದ ಸಂದರ್ಭ, ಸರಿಯಾದ ವ್ಯಕ್ತಿ, ಸರಿಯಾದ ಸೂಚನೆ, ಸರಿಯಾದ ಮೇಲ್ವಿಚಾರಣೆ ಎಂಬ ಐದು ಅಂಶಗಳು 1990ರ ದಶಕದಿಂದ ಚಾಲ್ತಿಯಲ್ಲಿವೆ, 2019ರಲ್ಲಿ ಮಂಡಳಿಗಳ ಒಕ್ಕೂಟವೂ ಅಮೆರಿಕದ ನರ್ಸ್‌ಗಳ ಸಂಘವೂ ಸೇರಿ ಮಾರ್ಗಸೂಚಿಯನ್ನು ಹೊಸದು ಮಾಡಿದವು. ಐದನ್ನೂ ವಿದ್ಯಾರ್ಥಿಗಳು ಪಟಪಟನೆ ಒಪ್ಪಿಸುತ್ತಾರೆ. ಪ್ರಶ್ನೆ ಬಂದಾಗ ಮೊದಲನೆಯದನ್ನು ಮಾತ್ರ ಬಳಸುತ್ತಾರೆ: ಬಿಪಿ ನೋಡುವುದು ಸಹಾಯಕರ ಕೆಲಸ, ಟಿಕ್. ಆದರೆ ಈಗತಾನೇ ರಕ್ತ ಹಾಕಲು ಶುರುಮಾಡಿದ ರೋಗಿಯ ಬಿಪಿ? ಮೊದಲ ಹದಿನೈದು ನಿಮಿಷದಲ್ಲೇ ಪ್ರತಿಕ್ರಿಯೆ ಕಾಣಿಸಿಕೊಳ್ಳುವ ಭಯ ಹೆಚ್ಚು, ಅಲ್ಲಿ ನಿಲ್ಲಬೇಕಾದವರು ನರ್ಸ್. ಊಟ ಮಾಡಿಸುವುದು ಸಹಾಯಕರ ಕೆಲಸವೇ. ಪಾರ್ಶ್ವವಾಯು ಬಡಿದವರಿಗೆ ಕೊಡುವ ಮೊದಲ ತುತ್ತು ಮಾತ್ರ ಅವರ ಕೆಲಸವಲ್ಲ. ನುಂಗಲು ಬರುತ್ತದೆಯೋ ಇಲ್ಲವೋ ಇನ್ನೂ ಯಾರೂ ನೋಡಿಲ್ಲ. ಕೆಲಸದ ಹೆಸರು ಎರಡು ಕಡೆಯೂ ಒಂದೇ. ಮುಂದೇನಾಗುತ್ತದೆಂದು ಮೊದಲೇ ಹೇಳಬಲ್ಲ ಸ್ಥಿತಿ ಇದೆಯೇ ಇಲ್ಲವೇ ಎಂಬುದರಲ್ಲಿ ವ್ಯತ್ಯಾಸ.

ಹಂಚಿದ ಮೇಲೂ ಕಥೆ ಮುಗಿಯುವುದಿಲ್ಲ. ಸಹಾಯಕರು ನಾಲ್ವರ ಬಿಪಿ ಬರೆದುಕೊಂಡರು, ಒಬ್ಬರದು ಮೇಲಿನ ಅಂಕಿ 84, ಅರ್ಧ ಗಂಟೆಯ ನಂತರ ಪಟ್ಟಿಯನ್ನು ತಂದು ಕೊಟ್ಟರು. ಹೊಣೆ ಯಾರದು? ನಮ್ಮ ರೂಢಿಯಲ್ಲಿ ಬೈಗುಳ ಸಹಾಯಕರಿಗೆ. ಪರೀಕ್ಷೆ ಕೇಳುವುದೇ ಬೇರೆ: 90ಕ್ಕಿಂತ ಕಡಿಮೆ ಕಂಡರೆ ತಕ್ಷಣ ಬಂದು ಹೇಳಬೇಕೆಂದು ನೀವು ಮೊದಲೇ ತಿಳಿಸಿದ್ದಿರೇ? ಅಂಕಿ ತರುವುದು ಅವರ ಪಾಲು, ಅದರ ಅರ್ಥ ತಿಳಿಯುವುದೂ ಮುಂದಿನದನ್ನು ನಿರ್ಧರಿಸುವುದೂ ನಿಮ್ಮ ಪಾಲು. ಇದು ಅಮೆರಿಕ ಕಂಡುಹಿಡಿದ ತತ್ವವಲ್ಲ. ನೂರ ಅರವತ್ತು ವರ್ಷಗಳ ಹಿಂದೆ ಫ್ಲಾರೆನ್ಸ್ ನೈಟಿಂಗೇಲ್ ನರ್ಸಿಂಗ್ ಕುರಿತು ಬರೆದ ಪುಟ್ಟ ಪುಸ್ತಕದಲ್ಲಿ ಸಣ್ಣಪುಟ್ಟ ನಿರ್ವಹಣೆಗೆಂದೇ ಒಂದು ಅಧ್ಯಾಯವಿದೆ. ತಾನು ಎದುರಿಲ್ಲದಾಗಲೂ ಆಗಬೇಕಾದ್ದು ಆಗುವಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಅಲ್ಲಿನ ಚಿಂತೆ. ದೀಪ ಹಿಡಿದ ಮಹಿಳೆಯ ಚಿತ್ರವನ್ನು ಪ್ರತಿವರ್ಷ ಹೂಹಾರ ಹಾಕಿ ಪೂಜಿಸುವ ನಾವು ಆ ಅಧ್ಯಾಯವನ್ನು ಅಷ್ಟಾಗಿ ಓದಿಸುವುದಿಲ್ಲ.

ಸೂತ್ರ ತಲೆಕೆಳಗಾಗುವ ಜಾಗವೂ ಒಂದಿದೆ. ದಿನನಿತ್ಯದ ತುರ್ತುಘಟಕದಲ್ಲಿ ಅತಿ ಗಂಭೀರ ಸ್ಥಿತಿಯವರಿಗೆ ಮೊದಲ ಆರೈಕೆ. ರೈಲು ಅಪಘಾತವೋ ಕಟ್ಟಡ ಕುಸಿತವೋ ಆಗಿ ಒಮ್ಮೆಗೇ ನೂರಾರು ಗಾಯಾಳುಗಳು ಬಂದಾಗ, ಬದುಕುವ ಸಂಭವ ತೀರ ಕಡಿಮೆಯಿರುವವರಿಗೆ ಕಪ್ಪು ಪಟ್ಟಿ ಕಟ್ಟಿ ನರ್ಸ್ ಮುಂದೆ ಸಾಗಬೇಕು. 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ಅಗ್ನಿಶಾಮಕ ದಳ ಮತ್ತು ಒಂದು ಆಸ್ಪತ್ರೆ ಸೇರಿ ರೂಪಿಸಿದ ಕೆಂಪು, ಹಳದಿ, ಹಸಿರು, ಕಪ್ಪು ಪಟ್ಟಿಗಳ ಪದ್ಧತಿ ಇದರ ಪ್ರಸಿದ್ಧ ಮಾದರಿ. ಗಂಭೀರರು ಮೊದಲು ಎಂಬುದನ್ನಷ್ಟೇ ಕಲಿತವರು ಇಲ್ಲಿ ತಪ್ಪು ಮಾಡುತ್ತಾರೆ. ಕಾಯಿಸಿದರೆ ಯಾರಿಗೆ ಏನು ಕೈತಪ್ಪುತ್ತದೆ ಎಂದು ಯೋಚಿಸಲು ಕಲಿತವರಿಗೆ ಎರಡೂ ಸಂದರ್ಭಗಳು ಒಂದೇ ತರ್ಕದ ಎರಡು ಫಲಗಳಾಗಿ ಕಾಣುತ್ತವೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಗಟ್ಟಿಯದು. ಇವೆಲ್ಲ ಅಮೆರಿಕದ ಕಾನೂನಿನ ಮೇಲೆ ನಿಂತ ಪ್ರಶ್ನೆಗಳು, ನಮ್ಮ ಸಮಾಜದಲ್ಲಿ ಬೆಳೆದವರು ತರ್ಕದಿಂದ ಅವನ್ನು ತಲುಪಲಾರರು, ಬಾಯಿಪಾಠವೇ ದಾರಿ ಎನ್ನುತ್ತಾರೆ. ಗೋಪ್ಯತೆಗೆ ಅಲ್ಲಿ 1996ರ ಕಾಯ್ದೆಯಿದೆ, ತುರ್ತು ಚಿಕಿತ್ಸೆ ನಿರಾಕರಿಸದಂತೆ 1986ರ ಕಾಯ್ದೆಯಿದೆ, ಮುಂಚಿತ ಇಚ್ಛಾಪತ್ರಕ್ಕೆ 1990ರ ಕಾಯ್ದೆಯಿದೆ. ಹೆಸರು, ವರ್ಷಗಳನ್ನು ಕಲಿಯಬೇಕಾದ್ದು ಹೌದು. ಆದರೆ ತತ್ವಗಳು ನಮಗೆ ಹೊರಗಿನವೇ? ಒಪ್ಪಿಗೆಪತ್ರವನ್ನೇ ನೋಡಿ. ಆಪರೇಶನ್ನಿನ ವಿವರ, ಅಪಾಯ, ಪರ್ಯಾಯ ಎಲ್ಲವನ್ನೂ ತಿಳಿಸುವ ಹೊಣೆ ಸರ್ಜನ್ನರದು. ಸಹಿಗೆ ಸಾಕ್ಷಿಯಾಗುವುದು ನರ್ಸ್‌ನ ಪಾಲು. ನನಗೆ ಅರ್ಥವಾಗಲಿಲ್ಲ ಎಂದು ರೋಗಿ ಅಂದರೆ ನರ್ಸ್ ತಾನೇ ಪಾಠ ಶುರುಮಾಡದೆ ಸರ್ಜನ್ನರನ್ನು ಮರಳಿ ಕರೆಸಬೇಕು. ನಮ್ಮಲ್ಲಿ ಮಗನೋ ಗಂಡನೋ ಸಹಿ ಹಾಕಿದರೆ ಮುಗಿಯಿತು ಎಂಬ ರೂಢಿ. ಆದರೆ ನಮ್ಮ ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದ್ದು ಬೇರೆ: ಅರಿವಳಿಕೆಯಲ್ಲಿದ್ದ ಪ್ರಾಪ್ತವಯಸ್ಕ ಮಹಿಳೆಯ ತಾಯಿಯಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಏಕೆಂದರೆ ತುರ್ತು ಇರಲಿಲ್ಲ, ಎಚ್ಚರವಾಗುವವರೆಗೆ ಕಾಯಬಹುದಿತ್ತು. ಜೀವರಕ್ಷಕ ಯಂತ್ರಗಳು ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಅದೇ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಎನ್‌ಕ್ಲೆಕ್ಸ್‌ನಲ್ಲಿ ಕೇಳುವುದು ನಮ್ಮ ಕಾನೂನಿಗೆ ಪರಕೀಯವಲ್ಲ, ನಮ್ಮ ರೂಢಿಗೆ ಪರಕೀಯ. ಇಲ್ಲಿನ ತೀರ್ಪುಗಳನ್ನು ತರಗತಿಯಲ್ಲಿ ಚರ್ಚಿಸಿದ ವಿದ್ಯಾರ್ಥಿಗೆ ಅಲ್ಲಿನ ಪ್ರಶ್ನೆ ಅಪರಿಚಿತವಾಗಿ ಕಾಣುವ ಕಾರಣವಿಲ್ಲ.

ಎರಡನೆಯ ಆಕ್ಷೇಪವನ್ನು ವಾರ್ಡಿನಲ್ಲಿ ದುಡಿಯುವವರು ಹೇಳುತ್ತಾರೆ. ಪರೀಕ್ಷೆಯ ಆಸ್ಪತ್ರೆ ಒಂದು ಕನಸಿನ ಊರು. ಅಲ್ಲಿ ನರ್ಸ್‌ಗೆ ನಾಲ್ವರೇ ರೋಗಿಗಳು, ಬೇಕಾದ ಸಲಕರಣೆಯೆಲ್ಲ ಕೈಗೆ ಸಿಗುತ್ತದೆ, ಫೋನ್ ಮಾಡಿದರೆ ಡಾಕ್ಟರ್ ಎತ್ತುತ್ತಾರೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು ಎನ್ನುತ್ತದೆ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೋ ಇಬ್ಬರೋ ನಿಂತಿರುವುದನ್ನು ಕಂಡವರಿಗೆ ಆ ಮಾನದಂಡ ಗೋಡೆಯ ಮೇಲಿನ ಸುಭಾಷಿತದಂತೆ ಕಾಣುತ್ತದೆ. ಈ ಕೋಪ ನ್ಯಾಯವಾದದ್ದೇ. ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸ್‌ಗೆ ಒಬ್ಬ ಶಸ್ತ್ರಚಿಕಿತ್ಸೆಯ ರೋಗಿ ಹೆಚ್ಚಾದರೂ ಮೂವತ್ತು ದಿನದೊಳಗಿನ ಸಾವಿನ ಸಂಭವ ಶೇ. 7ರಷ್ಟು ಏರಿದ್ದು ಕಂಡುಬಂತು. ಕ್ಯಾಲಿಫೋರ್ನಿಯಾ 1999ರಲ್ಲಿ ಕಾಯ್ದೆ ಮಾಡಿ 2004ರಿಂದ ನರ್ಸ್‌ಗೆ ಇಷ್ಟೇ ರೋಗಿಗಳೆಂಬ ಪ್ರಮಾಣವನ್ನು ಕಡ್ಡಾಯ ಮಾಡಿತು. ಆದರೆ ಕೊರತೆಯಿರುವ ವಾರ್ಡಿನಲ್ಲಿ ಆದ್ಯತೆಯ ತರ್ಕ ಬೇಡವೆಂಬ ತೀರ್ಮಾನ ಇದರಿಂದ ಬರುವುದಿಲ್ಲ. ನಾಲ್ವರಲ್ಲಿ ಮೊದಲಿಗರನ್ನು ಆರಿಸಲು ಬಾರದವರು ನಲವತ್ತು ಜನರಲ್ಲಿ ಹೇಗೆ ಆರಿಸಿಯಾರು? ಇನ್ನು ಕನಸಿನ ಊರು ಎಂಬ ಮಾತು ಪೂರ್ತಿ ಸರಿಯಲ್ಲ. ಮೂರು ವರ್ಷಕ್ಕೊಮ್ಮೆ ಈ ಪರೀಕ್ಷಾ ಯೋಜನೆಯನ್ನು ಪರಿಷ್ಕರಿಸುತ್ತಾರೆ, ಅದಕ್ಕೆ ಮೊದಲು ಹೊಸದಾಗಿ ಲೈಸೆನ್ಸ್ ಪಡೆದ ನರ್ಸ್‌ಗಳನ್ನು ವ್ಯಾಪಕವಾಗಿ ಸಮೀಕ್ಷೆ ಮಾಡಿ ಅವರು ನಿಜವಾಗಿ ಏನು ಮಾಡುತ್ತಾರೆ, ಎಷ್ಟು ಬಾರಿ ಮಾಡುತ್ತಾರೆ ಎಂದು ಕೇಳುತ್ತಾರೆ. ನಿರ್ವಹಣೆಗೆ ದೊಡ್ಡ ಪಾಲು ಸಿಕ್ಕಿರುವುದು ಆ ಆಧಾರದ ಮೇಲೆ.

ಮೂರನೆಯದು ಆಕ್ಷೇಪಕ್ಕಿಂತ ಹಿಂಜರಿಕೆ. ಡಾಕ್ಟರರ ಆದೇಶವನ್ನು ಪ್ರಶ್ನಿಸುವ ಉತ್ತರವನ್ನು ಆರಿಸಲು ನಮ್ಮ ವಿದ್ಯಾರ್ಥಿಯ ಕೈ ಅಳುಕುತ್ತದೆ. ಡೋಸ್ ಹೆಚ್ಚೆಂದು ಕಂಡರೆ ಔಷಧಿ ಕೊಡದೆ ತಡೆಹಿಡಿ, ಬರೆದವರಿಗೇ ಫೋನ್ ಮಾಡು, ಅವರು ಒಪ್ಪದಿದ್ದರೆ ಇನ್‌ಚಾರ್ಜ್‌ಗೆ ಹೇಳು, ಅಲ್ಲಿಂದಲೂ ಮೇಲಕ್ಕೆ ಹೋಗು. ಪರೀಕ್ಷೆ ಬಯಸುವುದು ಇದನ್ನು. ಇದರ ಹಿನ್ನೆಲೆಯಲ್ಲಿ 1999ರ ಒಂದು ವರದಿಯಿದೆ. ಅಮೆರಿಕದ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿದ್ದಾರೆಂದು ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಅಂದಾಜಿಸಿತು. ಆ ಅಂಕಿಗಳ ಬಗ್ಗೆ ತಕರಾರು ನಡೆದರೂ, ತಪ್ಪುಗಳಿಗೆ ವ್ಯಕ್ತಿಗಳಿಗಿಂತ ವ್ಯವಸ್ಥೆ ಕಾರಣ ಎಂಬ ಅದರ ಮೂಲ ಮಾತು ವ್ಯಾಪಕವಾಗಿ ಒಪ್ಪಿತವಾಯಿತು. ಮಾತು ಆಡಲೇಬೇಕಾದಾಗ ಹೇಗೆ ಆಡಬೇಕು ಎಂಬುದಕ್ಕೂ ಒಂದು ಕ್ರಮ ಬಂತು. ಈಗಿನ ಪರಿಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಸಲಹೆ, ಈ ನಾಲ್ಕನ್ನು ಸಾಲಾಗಿ ಹೇಳುವ ಪದ್ಧತಿ ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಲ್ಲಿ ಹುಟ್ಟಿ, ಕೈಸರ್ ಪರ್ಮನೆಂಟೆ ಆಸ್ಪತ್ರೆಗಳ ಮೂಲಕ ವೈದ್ಯಕೀಯಕ್ಕೆ ಬಂದದ್ದು. ಮೊದಲ ಮೂರನ್ನು ನಮ್ಮವರು ಚೆನ್ನಾಗಿ ಹೇಳುತ್ತಾರೆ. ನಾಲ್ಕನೆಯದರ ಹತ್ತಿರ ಬಂದು ಗಂಟಲು ಕಟ್ಟುತ್ತದೆ, ಸಲಹೆ ಕೊಡಲು ನಾನ್ಯಾರು ಎಂದು. ಈ ಅಳುಕನ್ನು ಕೋಚಿಂಗ್ ತರಗತಿ ಮೂರು ತಿಂಗಳಲ್ಲಿ ಕಳೆಯಲಾರದು. ಮೂರನೇ ವರ್ಷದ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳುವ ಅಧ್ಯಾಪಕರು ಮಾತ್ರ ಕಳೆಯಬಲ್ಲರು.

ಕೋಚಿಂಗ್ ಬೇಡವೆಂದು ನಾನು ಹೇಳುತ್ತಿಲ್ಲ. ಪರದೆಯ ಅಭ್ಯಾಸ, ಸಮಯದ ಹಿಡಿತ, ಹೊಸ ಮಾದರಿಯ ಪ್ರಶ್ನೆಗಳ ಪರಿಚಯ, ಇವಕ್ಕೆಲ್ಲ ಅದು ಬೇಕು. ಆದರೆ ದಿನಕ್ಕೆ ಇನ್ನೂರು ಪ್ರಶ್ನೆ ಮುಗಿಸಿದೆ ಎಂಬ ಹೆಮ್ಮೆ ಅಪಾಯದ್ದು. ಸರಿ ಉತ್ತರ ಬಂದದ್ದನ್ನು ಎಣಿಸುವ ಬದಲು, ತಪ್ಪಾದ ಮೂರು ಆಯ್ಕೆಗಳು ಏಕೆ ತಪ್ಪು, ಯಾವ ಸ್ಥಿತಿಯಲ್ಲಿ ಅವೇ ಸರಿಯಾಗುತ್ತಿದ್ದವು ಎಂದು ಬಾಯಿಬಿಟ್ಟು ಹೇಳುವುದು ಉತ್ತಮ. ಇಪ್ಪತ್ತು ಪ್ರಶ್ನೆಗೆ ಹಾಗೆ ಮಾಡಿದರೂ ಸಾಕು. ಅದನ್ನು ಕನ್ನಡದಲ್ಲೇ ಹೇಳಿ ಎಂಬುದು ನನ್ನ ಸಲಹೆ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗೆ ಇಂಗ್ಲಿಷಿನ ಅಡಚಣೆ ನಿಜವಾದದ್ದು. ರೋಗಿಯ ಯಾವ ಮಾತು ಇನ್ನಷ್ಟು ತಿಳಿಹೇಳಬೇಕೆಂದು ಸೂಚಿಸುತ್ತದೆ ಎಂದು ಕೇಳಿದಾಗ ತಪ್ಪು ಹೇಳಿಕೆಯನ್ನು ಆರಿಸಬೇಕು ಎಂಬುದೇ ಅವಸರದಲ್ಲಿ ಮರೆತುಹೋಗುತ್ತದೆ. ಅದಕ್ಕೆ ಇಂಗ್ಲಿಷ್ ಓದುವ ಅಭ್ಯಾಸವೇ ಮದ್ದು. ಕಾರಣ ಕೊಡುವ ಅಭ್ಯಾಸ ಮಾತ್ರ ಮನಸ್ಸು ಸಲೀಸಾಗಿ ಓಡಾಡುವ ಭಾಷೆಯಲ್ಲಿ ಬೇಗ ಬಲಿಯುತ್ತದೆ, ಆಮೇಲೆ ಅದು ಯಾವ ಭಾಷೆಯ ಪ್ರಶ್ನೆಗೂ ಒದಗುತ್ತದೆ. ಎಡವಿದರೆ ಬೆಲೆಯೂ ಸಣ್ಣದಲ್ಲ. 200 ಡಾಲರ್ ಶುಲ್ಕ, ಅಮೆರಿಕದ ಹೊರಗೆ ಬರೆಯಲು ಮತ್ತೆ 150. ಮರಳಿ ಕೂರಲು ಕನಿಷ್ಠ 45 ದಿನ ಕಾಯಬೇಕು. ಅಮೆರಿಕದಲ್ಲೇ ಓದಿ ಮೊದಲ ಬಾರಿಗೆ ಬರೆದವರಲ್ಲಿ 2022ರಲ್ಲಿ ಶೇ. 80ರಷ್ಟು, 2023ರಲ್ಲಿ ಶೇ. 88ಕ್ಕೂ ಹೆಚ್ಚು ಜನ ಪಾಸಾದರು. ಹೊರದೇಶಗಳಲ್ಲಿ ಓದಿದವರ ಪ್ರಮಾಣ ವರ್ಷವೂ ಇದಕ್ಕಿಂತ ಬಹಳ ಕೆಳಗಿದೆ. ಶರೀರಶಾಸ್ತ್ರ, ಔಷಧಶಾಸ್ತ್ರಗಳು ಎಲ್ಲ ದೇಶಕ್ಕೂ ಒಂದೇ ಆಗಿರುವಾಗ, ಈ ಅಂತರದ ಒಂದು ಪಾಲಾದರೂ ಹೊಣೆಯನ್ನು ಕುರಿತು ಯೋಚಿಸಲು ಕಲಿಸದ ಪಾಠಕ್ರಮಗಳದ್ದು ಎಂದು ನಾನು ಭಾವಿಸುತ್ತೇನೆ.

ಬಹು ಆಯ್ಕೆಯ ಪ್ರಶ್ನೆಗಳಿಂದ ನಾಯಕತ್ವವನ್ನು ಅಳೆಯಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಚಿಕ್ಕದು: ಅಳೆಯಲಾಗದು. ಎನ್‌ಕ್ಲೆಕ್ಸ್ ಹಾಗೆಂದು ಹೇಳಿಕೊಳ್ಳುವುದೂ ಇಲ್ಲ. ಹೊಸ ನರ್ಸ್‌ನ ಕೈಯಲ್ಲಿ ರೋಗಿ ಸುರಕ್ಷಿತವೇ ಎಂಬ ಕನಿಷ್ಠವನ್ನಷ್ಟೇ ಅದು ನೋಡುತ್ತದೆ. ಇಲ್ಲಿ ಕಲಿತು ಅಲ್ಲಿಗೆ ಹೋಗುವವರಿಗಾಗಿ ನಾವೇಕೆ ಪಾಠ ಬದಲಿಸಬೇಕು ಎಂಬ ಅಸಮಾಧಾನವೂ ಕೇಳಿಬರುತ್ತದೆ. ಬದಲಿಸಬೇಕಾದ್ದು ಹೋಗುವವರಿಗಾಗಿ ಅಲ್ಲ. ಪರೀಕ್ಷೆಗೆ ಕೂರದೆ ಜಿಲ್ಲಾಸ್ಪತ್ರೆಯಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ಇರುಳು ಪಾಳಿ ಮಾಡುವ ಬಹುಸಂಖ್ಯಾತರಿಗೆ ಈ ತರಬೇತಿ ಹೆಚ್ಚು ಬೇಕು; ಥೈರಾಯ್ಡ್ ಶಸ್ತ್ರಚಿಕಿತ್ಸೆಯ ಮರುದಿನ ಜುಮುಜುಮು ಎನ್ನುವ ರೋಗಿಗಳು ಇಲ್ಲೂ ಇದ್ದಾರೆ.

ಆದ್ದರಿಂದ ಇಲ್ಲಿ ನೆರೆದಿರುವ ಅಧ್ಯಾಪಕರಲ್ಲಿ ಒಂದು ವಿನಂತಿ. ಆರನೆಯ ಸೆಮಿಸ್ಟರಿನ ನಿರ್ವಹಣೆಯ ಪರೀಕ್ಷೆಯಲ್ಲಿ ನಾಯಕತ್ವದ ಶೈಲಿಗಳನ್ನು ವಿವರಿಸಿ ಎಂಬ ಪ್ರಶ್ನೆಯ ಜಾಗದಲ್ಲಿ ಒಮ್ಮೆ ನಾಲ್ವರು ರೋಗಿಗಳನ್ನು, ಒಬ್ಬ ಸ್ಟಾಫ್ ನರ್ಸನ್ನು, ಒಬ್ಬ ಆಯಾಳನ್ನು, ಒಬ್ಬ ತರಬೇತಿ ವಿದ್ಯಾರ್ಥಿಯನ್ನು ಕೊಟ್ಟು, ಯಾರನ್ನು ಮೊದಲು ನೋಡುತ್ತೀರಿ, ಯಾರಿಗೆ ಯಾವ ಕೆಲಸ ಒಪ್ಪಿಸುತ್ತೀರಿ, ಏನೆಂದು ಹೇಳಿ ಒಪ್ಪಿಸುತ್ತೀರಿ, ಕಾರಣವೇನು ಎಂದು ಕೇಳಿ. ಅಂಕವನ್ನು ಕಾರಣಕ್ಕೆ ಕೊಡಿ. ಈ ಬದಲಾವಣೆಗೆ ಹೊಸ ಪಠ್ಯಪುಸ್ತಕವಾಗಲಿ ಅನುದಾನವಾಗಲಿ ಬೇಡ. ಆಂತರಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಈಗಾಗಲೇ ನಿಮ್ಮ ಕೈಯಲ್ಲಿದೆ.